ಹತ್ತಿಯಪ್ಪನ ಹಾಸಿಗೆ ಮೈದಾನಕ್ಕೆ ಹೋದ ದಿನ

ಹತ್ತಿಯಪ್ಪ ಹಾಸಿಗೆ ಹೊಲಿಯುವವನು. ಬೆಳಿಗ್ಗೆ ಕಪ್ಪು ಕೂದಲಿನವನಾಗಿ ಅಂಗಡಿಗೆ ಹೋದವನು ಸಂಜೆ ಮನೆಗೆ ಬರುವಾಗ ತಲೆ, ಹುಬ್ಬು, ಮೀಸೆಗಳಿಗೆಲ್ಲ ಹತ್ತಿಯ ಎಳೆ ಮೆತ್ತಿಕೊಂಡು ಮುದುಕನಾಗಿ ಬರುತ್ತಿದ್ದ. ಹೆಂಡತಿ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ಹಳೇ ಟವೆಲಿನಿಂದ ರಪರಪ ಕೊಡವಿ, ಮತ್ತೆ ಗಂಡನನ್ನಾಗಿ ಮಾಡಿಕೊಂಡು ಒಳಗೆ ಬಿಟ್ಟುಕೊಳ್ಳುತ್ತಿದ್ದಳು. ಬೀದಿಯವರು ಹತ್ತಿಯಪ್ಪ ಎಂದು ಕರೆಯತೊಡಗಿದ್ದು ಹಾಗೆ.

ಅವನಿಗೆ ಮಾತು ಬಲು ಕಡಿಮೆ. ಬಾಯಿ ಮಾಡಬೇಕಾದ ಕೆಲಸವನ್ನೆಲ್ಲ ಅವನ ಬಲಗೈ ಹೆಬ್ಬೆರಳು ಮಾಡುತ್ತಿತ್ತು. ಕಣ್ಣಿಗೆ ಮೆತ್ತಗೆ ಕಂಡದ್ದನ್ನೆಲ್ಲ ಒಂದು ಸಲ ಒತ್ತಿ ನೋಡದಿದ್ದರೆ ಆ ಬೆರಳಿಗೆ ಸಮಾಧಾನವಿಲ್ಲ. ಬಸ್ಸಿನ ಸೀಟು, ಬೇಕರಿಯ ಬ್ರೆಡ್ಡು, ಆಸ್ಪತ್ರೆಯ ದಿಂಬು, ನೆರೆಮನೆಯ ಕೂಸಿನ ಕೆನ್ನೆ, ಯಾವುದನ್ನೂ ಬಿಟ್ಟವನಲ್ಲ. ಒತ್ತಿ, ಒಂದು ಕ್ಷಣ ಕಣ್ಣು ಮುಚ್ಚಿ, ಒಳ್ಳೆಯದಾದರೆ 'ಹೂಂ' ಎನ್ನುತ್ತಿದ್ದ. ಕೆಟ್ಟದಾದರೆ ಉಸಿರು ಬಿಡುತ್ತಿದ್ದ. ಹೆಣ್ಣು ಕೇಳಲು ಹೋದ ದಿನವೂ ಅಷ್ಟೇ. ಹುಡುಗಿಯ ಮನೆಯವರೆಲ್ಲ ಎದುರಿಗೆ ಕೂತು, ಈ ಹುಡುಗ ಈಗ ಬಾಯಿ ಬಿಡುತ್ತಾನೆ, ಆಗ ಬಿಡುತ್ತಾನೆ ಎಂದು ಕಾದರೆ, ಅವನು ತಾನು ಕೂತಿದ್ದ ಸೋಫಾವನ್ನು ಹೆಬ್ಬೆರಳಿನಿಂದ ಒತ್ತಿ, ಉದ್ದಕ್ಕೆ ಉಸಿರು ಬಿಟ್ಟು, 'ಒಳಗೆ ಹುಲ್ಲು' ಎಂದಿದ್ದ. ಅಂದು ಆಡಿದ್ದು ಅಷ್ಟೇ ಮಾತು. ಹುಡುಗಿ ಬಾಗಿಲ ಮರೆಯಲ್ಲಿ ನಿಂತು ನಗು ತಡೆಯಲಾರದೆ ಬಾಯಿಗೆ ಬಟ್ಟೆ ತುರುಕಿಕೊಂಡಳು, ಮದುವೆಗೂ ಒಪ್ಪಿದಳು. ಹುಡುಗಿಯ ತಾಯಿ ಮಾತ್ರ ಆ ಸೋಫಾದ ಅವಮಾನವನ್ನು ಇವತ್ತಿಗೂ ಮರೆತಿಲ್ಲ.

ಆ ತಾಯಿ, ಅಂದರೆ ಹತ್ತಿಯಪ್ಪನ ಅತ್ತೆ, ಈಗ ಇವರ ಜೊತೆಯಲ್ಲೇ ಇರುವುದು. ಆಕೆಗೆ ಎರಡು ವಿಷಯಗಳಲ್ಲಿ ಊರಲ್ಲೇ ಸರಿಸಾಟಿ ಇಲ್ಲ. ಒಂದು ಸೊಂಟನೋವು, ಇನ್ನೊಂದು ಗಂಟಲು. ಸೊಂಟ ಹಿಡಿದುಕೊಂಡಾಗ ಗಂಟಲು ಬಿಟ್ಟುಕೊಳ್ಳುತ್ತಿತ್ತು.

ಆ ವರ್ಷ ದೇಶದ ಹಬ್ಬದ ದಿನ ಎಲ್ಲರೂ ಒಟ್ಟಿಗೆ ದೊಡ್ಡ ಮೈದಾನಕ್ಕೆ ಹೋಗಲೇಬೇಕೆಂದು ಮನೆಯಲ್ಲಿ ತೀರ್ಮಾನವಾಯಿತು. ಅದಕ್ಕೆ ಕಾರಣಗಳೂ ಇದ್ದವು. ಮಗಳು ಶಾಲೆಯ ಕವಾಯತಿನಲ್ಲಿ ಹಳದಿ ಟೋಪಿ ಹಾಕಿಕೊಂಡು ದೊಡ್ಡ ಸೂರ್ಯನ ಒಂದು ಕಿರಣದ ತುದಿಯಾಗುವವಳಿದ್ದಳು. ಇನ್ನು ಹೆಂಡತಿಯ ತಮ್ಮ ಧ್ವನಿವರ್ಧಕ ಬಾಡಿಗೆಗೆ ಕೊಡುವವನು. ಈ ಸಲ ಮೈದಾನದ ಮೈಕಿನ ಕೆಲಸ ಅವನಿಗೇ ಸಿಕ್ಕಿತ್ತು. ತಂತಿಯೇ ಇಲ್ಲದ ಹೊಸ ಮೈಕು ತರಿಸಿದ್ದೇನೆಂದು ಅವನು ವಾರದಿಂದ ಕಂಡಕಂಡವರಿಗೆಲ್ಲ ಹೇಳಿ ತಲೆ ತಿಂದಿದ್ದ.

"ನಾನು ಬರಲ್ಲ," ಎಂದರು ಅತ್ತೆ. "ಬೆಳಗಿನ ಜಾವ ಹುಲ್ಲಿಗೆಲ್ಲ ನೀರು ಬಿಟ್ಟಿರ್ತಾರೆ. ಒದ್ದೆ ನೆಲದಲ್ಲಿ ಕೂತರೆ ನನ್ನ ಸೊಂಟದ ಗತಿ ಏನು?"

"ಕುರ್ಚಿ ತಗೊಂಡು ಹೋಗೋಣಮ್ಮ," ಎಂದಳು ಮಗಳು, ಅಂದರೆ ಹತ್ತಿಯಪ್ಪನ ಹೆಂಡತಿ.

"ಕುರ್ಚಿ ಒತ್ತುತ್ತೆ."

"ಚಾಪೆ?"

"ಚಾಪೆ ಚುಚ್ಚುತ್ತೆ."

"ಮತ್ತೆ ಹಾಸಿಗೆ ಹೊತ್ಕೊಂಡು ಹೋಗೋಕಾಗುತ್ತಾ?" ಎಂದು ಹೆಂಡತಿ ರೇಗಿ ಕೇಳಿದಳು. ರೇಗಿ ಕೇಳಿದ್ದನ್ನು ಅತ್ತೆ ಒಳ್ಳೆಯ ಸಲಹೆ ಎಂದು ತೆಗೆದುಕೊಂಡರು. ಹತ್ತಿಯಪ್ಪ 'ಹೂಂ' ಎಂದ. ಅಲ್ಲಿಗೆ ಮುಗಿಯಿತು.

ಅಂಗಡಿಯಲ್ಲಿ ಯಾರಿಗೂ ಬೇಡವಾದ ಒಂದು ಹಾಸಿಗೆ ಇತ್ತು. ಒಬ್ಬ ಜಾದೂಗಾರ ಹೇಳಿ ಮಾಡಿಸಿದ್ದು. ಎತ್ತರದ ಏಣಿಯ ಮೇಲಿಂದ ಹಿಮ್ಮುಖವಾಗಿ ಬೀಳುವ ಆಟಕ್ಕೆ ಬೇಕು, ಮಾಮೂಲಿಗಿಂತ ಎರಡರಷ್ಟು ದಪ್ಪ ಇರಬೇಕು, ಬಟ್ಟೆ ಅಚ್ಚ ಬಿಳಿ, ನಡುವೆ ದೊಡ್ಡ ಕೆಂಪು ಚಕ್ರ, ಪ್ರೇಕ್ಷಕರಿಗೆ ಎದ್ದು ಕಾಣಬೇಕು ಎಂದೆಲ್ಲ ವಿವರಿಸಿ ಹೋದ ಮನುಷ್ಯ ತಿರುಗಿ ಬರಲೇ ಇಲ್ಲ. ಮಾಯ ಮಾಡುವವನೇ ಮಾಯವಾಗಿದ್ದ. ಅಂಥ ಹಾಸಿಗೆಯ ಮೇಲೆ ಮಲಗಲು ಬೇರೆ ಯಾರು ಬರುತ್ತಾರೆ? ಒಬ್ಬ ಗಿರಾಕಿ ಅದನ್ನು ನೋಡಿ, "ಇದರ ಮೇಲೆ ಮಲಗಿದ್ರೆ ಯಾರೋ ಗುರಿ ಇಟ್ಟ ಹಾಗಿರುತ್ತೆ," ಎಂದು ಹೇಳಿ ಎದ್ದು ಹೋಗಿದ್ದ. ಹತ್ತಿಯಪ್ಪನಿಗೆ ಮಾತ್ರ ಅದರ ಮೇಲೆ ಬಹಳ ಮಮತೆ. ಹತ್ತಿಯನ್ನು ಅಷ್ಟು ನುಣ್ಣಗೆ ಬಡಿದು, ಅಷ್ಟು ಸಮನಾಗಿ ಹರಡಿ, ಅಷ್ಟು ಬಿಗಿಯಾಗಿ ಹೊಲಿದ ಹಾಸಿಗೆ ಅವನ ಕೈಯಿಂದ ಮತ್ತೊಂದು ಬಂದಿರಲಿಲ್ಲ.

ಹಬ್ಬದ ಬೆಳಿಗ್ಗೆ ಅದನ್ನು ಮಡಚಿ, ಹಗ್ಗ ಬಿಗಿದು, ಸಾಮಾನು ಸಾಗಿಸುವ ಮೂರು ಚಕ್ರದ ಸೈಕಲ್ ಗಾಡಿಗೆ ಹೇರಿದ್ದಾಯಿತು. ಮಗಳನ್ನು ಶಾಲೆಯ ಬಸ್ಸು ಮೊದಲೇ ಕರೆದೊಯ್ದಿತ್ತು. ಬ್ರೆಡ್ಡು, ಬೇಯಿಸಿದ ಮೊಟ್ಟೆ, ಕಿತ್ತಳೆ ಹಣ್ಣು ತುಂಬಿದ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಹೆಂಡತಿ ಗಾಡಿಯ ಅಂಚಿನಲ್ಲಿ ಕೂತಳು. ಅತ್ತೆ ಹಾಸಿಗೆಯ ತುತ್ತತುದಿಯಲ್ಲಿ ಒಂದು ಕೈಯಲ್ಲಿ ಪುಟ್ಟ ಬಾವುಟ, ಇನ್ನೊಂದು ಕೈಯಲ್ಲಿ ಬಿಚ್ಚಿದ ಕೊಡೆ ಹಿಡಿದು ವಿರಾಜಮಾನರಾದರು. ಹತ್ತಿಯಪ್ಪ ಏದುಸಿರು ಬಿಡುತ್ತ ಪೆಡಲ್ ತುಳಿದ. ದಾರಿಯಲ್ಲಿ ನಡೆದು ಹೋಗುತ್ತಿದ್ದ ಜನ ಇದು ಮೆರವಣಿಗೆಯ ಮೊದಲ ಗಾಡಿಯೇ ಇರಬೇಕೆಂದು ಬದಿಗೆ ಸರಿದು ಚಪ್ಪಾಳೆ ತಟ್ಟಿದರು. ಅತ್ತೆ ತಲೆಯಾಡಿಸಿ ಅದನ್ನು ಸ್ವೀಕರಿಸಿದರು.

ಮೈದಾನದ ಗೇಟಿನಲ್ಲಿ ಕಾವಲಿನವನು ಕೈ ಅಡ್ಡ ಹಾಕಿದ.

"ಏನಿದು?"

"ಹಾಸಿಗೆ," ಎಂದ ಹತ್ತಿಯಪ್ಪ.

"ಅದು ಕಾಣ್ತಾ ಇದೆ. ಒಳಗೇನಿದೆ?"

"ಹತ್ತಿ."

"ಹತ್ತಿ ಅಂತ ನೀವು ಹೇಳಿದ್ರೆ ಆಗಿಬಿಡುತ್ತಾ? ಬಿಚ್ಚಿ, ನೋಡ್ಬೇಕು."

ಹಗ್ಗ ಬಿಚ್ಚಿ, ಹಾಸಿಗೆಯನ್ನು ಗೇಟಿನ ಪಕ್ಕದ ಕಟ್ಟೆಯ ಮೇಲೆ ಹರಡಿದರು. ಕಾವಲಿನವನು ಕೋಲಿನಿಂದ ಚುಚ್ಚಿ ನೋಡಿದ. ಕೋಲು ಒಳಗೆ ಹೋಗಿ ಮೆಲ್ಲನೆ ಹೊರಗೆ ಬಂತು. ಕೈಯಿಂದ ತಟ್ಟಿ ನೋಡಿದ. ಆಮೇಲೆ, ಗಟ್ಟಿ ವಸ್ತು ಏನಾದರೂ ಇದ್ದರೆ ಬೆನ್ನಿಗೆ ತಾಗುತ್ತದೆ ಎಂದು ಹೇಳಿ, ಟೋಪಿ ತೆಗೆದು ಪಕ್ಕಕ್ಕಿಟ್ಟು ಅಂಗಾತ ಮಲಗಿಯೇ ಬಿಟ್ಟ. ಮಲಗಿದವನ ಮುಖದ ಮೇಲೆ ನಿಧಾನವಾಗಿ ಒಂದು ನಗು ಹರಡಿತು. ಕಣ್ಣು ಮುಚ್ಚಿದವು.

"ಏನಾದರೂ ತಾಗುತ್ತಾ?" ಎಂದು ಅತ್ತೆ ಕೇಳಿದರು.

"ಇನ್ನೂ ನೋಡ್ತಾ ಇದ್ದೀನಿ," ಎಂದ ಅವನು, ಕಣ್ಣು ತೆರೆಯದೆ.

ಇನ್ನೊಬ್ಬ ಕಾವಲಿನವನು ಬಂದು, ಇವನೊಬ್ಬನ ತಪಾಸಣೆ ಸಾಲದೆಂದು ತಾನೂ ಮಲಗಿ ನೋಡಿದ. ಗೇಟಿನ ಹಿಂದೆ ಜನರ ಸಾಲು ಬೆಳೆಯಿತು. ಕೊನೆಗೆ ಹಿಂದಿನವರು ಕೂಗಾಡಿದ ಮೇಲೆ ಇಬ್ಬರೂ ಒಲ್ಲದ ಮನಸ್ಸಿನಿಂದ ಎದ್ದು, ಹಾಸಿಗೆಯಲ್ಲಿ ಆಕ್ಷೇಪಾರ್ಹವಾದದ್ದು ಏನೂ ಇಲ್ಲವೆಂದು ಒಪ್ಪಿದರು. ಮೊದಲನೆಯವನು ಅವರು ಹೋಗುವಾಗ ಹತ್ತಿಯಪ್ಪನ ಕಿವಿಯಲ್ಲಿ, "ಅಣ್ಣಾ, ಅಂಗಡಿ ಎಲ್ಲಿ?" ಎಂದೂ ಕೇಳಿದ.

ಮೈಕಿನ ಮೈದುನ ಮೊದಲೇ ಒಳ್ಳೆಯ ಜಾಗ ಹಿಡಿದಿಟ್ಟಿದ್ದ. ಮೈದಾನದ ಒಂದು ಅಂಚಿನಲ್ಲಿ, ಹಗ್ಗದ ಬೇಲಿಗೆ ತಾಗಿಕೊಂಡಂತೆ, ಮುಂದೆ ಯಾರ ತಲೆಯೂ ಅಡ್ಡ ಬರದ ಜಾಗ. ಅತ್ತೆ ಹೇಳಿದ್ದ ಹಾಗೆ ಹುಲ್ಲೆಲ್ಲ ಒದ್ದೆಯಾಗಿತ್ತು. ಬಂದ ಜನ ಪೇಪರು, ಪ್ಲಾಸ್ಟಿಕ್ಕು ಹಾಸಿಕೊಂಡು, ಒಂದು ಕಡೆ ಒದ್ದೆಯಾದಾಗ ಇನ್ನೊಂದು ಕಡೆಗೆ ವಾಲುತ್ತ ಕೂತಿದ್ದರೆ, ಅವರ ನಡುವೆ ಈ ಬಿಳಿ ಹಾಸಿಗೆ ತನ್ನ ಕೆಂಪು ಚಕ್ರದ ಸಮೇತ ರಾಜಗಾಂಭೀರ್ಯದಿಂದ ಹರಡಿಕೊಂಡಿತು. ಅತ್ತೆ ಚಕ್ರದ ಮಧ್ಯಕ್ಕೆ ಹೋಗಿ ಕಾಲು ಚಾಚಿ ಒರಗಿದರು. ಅಕ್ಕಪಕ್ಕದವರು ಹೊಟ್ಟೆಕಿಚ್ಚಿನಿಂದ ನೋಡಿದರು.

"ಭಾವ, ಇವತ್ತು ನೋಡ್ತಾ ಇರಿ," ಎಂದ ಮೈದುನ, ಕೈಯಲ್ಲಿದ್ದ ತಂತಿಯಿಲ್ಲದ ಮೈಕನ್ನು ಗಾಳಿಯಲ್ಲಿ ತಿರುಗಿಸುತ್ತ. "ಮೈದಾನದ ಮೂಲೆ ಮೂಲೆಗೂ ಸ್ಪೀಕರ್ ಹಾಕಿದ್ದೀನಿ. ಇದರಲ್ಲಿ ಉಸಿರಾಡಿದ್ರೂ ಆ ಕಡೆ ಮರದ ಕೆಳಗೆ ಕೂತವನಿಗೆ ಕೇಳಿಸುತ್ತೆ."

ಹತ್ತಿಯಪ್ಪ ಮೈಕಿನ ತಲೆಯ ಮೇಲಿದ್ದ ಸ್ಪಂಜನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ ಉಸಿರು ಬಿಟ್ಟ.

ಕಾರ್ಯಕ್ರಮ ಶುರುವಾಯಿತು. ಬಾವುಟ ಏರಿತು, ಎಲ್ಲರೂ ಎದ್ದು ನಿಂತು ಹಾಡಿದರು. ಮಕ್ಕಳು ಬಂದು ಮೈದಾನದ ತುಂಬ ಹರಡಿ, ಸೂರ್ಯನಾದರು, ಹೂವಾದರು, ಆಮೇಲೆ ಏನಾದರೋ ಯಾರಿಗೂ ಸರಿಯಾಗಿ ಗೊತ್ತಾಗಲಿಲ್ಲ. ಹತ್ತಿಯಪ್ಪ ಮಾತ್ರ ಸೂರ್ಯನ ಆ ಒಂದು ಕಿರಣದ ತುದಿಯನ್ನು ಬಿಟ್ಟು ಬೇರೇನನ್ನೂ ನೋಡಲಿಲ್ಲ. ಹಳದಿ ಟೋಪಿ ಎಡಕ್ಕೆ ಹೋದಾಗ ಅವನ ತಲೆಯೂ ಎಡಕ್ಕೆ, ಬಲಕ್ಕೆ ಹೋದಾಗ ಬಲಕ್ಕೆ.

ಆಮೇಲೆ ಮುಖ್ಯ ಅತಿಥಿಗಳ ಭಾಷಣ. ದೊಡ್ಡ ಮನುಷ್ಯರು, ಕೊರಳಲ್ಲಿ ದೊಡ್ಡ ಹಾರ. ಭಾಷಣವೂ ದೊಡ್ಡದೇ. ಅವರು ದೇಶದ ನದಿಗಳಿಂದ ಶುರುಮಾಡಿದರು. ನದಿಗಳು ಮುಗಿದವು ಎನ್ನುವಾಗ ಬೆಟ್ಟಗಳಿಗೆ ಹೋದರು. ಬೆಟ್ಟ ಇಳಿದು ಇನ್ನು ಮುಗಿಸಿಯಾರು ಎಂದುಕೊಂಡರೆ, 'ಇನ್ನು ನಮ್ಮ ರಸ್ತೆಗಳ ವಿಷಯಕ್ಕೆ ಬಂದರೆ' ಎಂದರು. ಜನ ಆಕಳಿಸಿದರು. ಕವಾಯತಿಗೆ ಬಾರಿಸಿ ಬಾರಿಸಿ ದಣಿದಿದ್ದ ಬ್ಯಾಂಡಿನವರು ಎಷ್ಟು ಹೊತ್ತು ಎಂದು ಅಟೆನ್ಷನ್ನಿನಲ್ಲಿ ನಿಂತಾರು? ಹುಲ್ಲು ಒದ್ದೆ. ಮೈದಾನದ ನಟ್ಟನಡುವೆ ಮಾತ್ರ ಒಂದು ದೊಡ್ಡ ಬಟ್ಟೆ ಹಾಸಿತ್ತು. ಒಬ್ಬೊಬ್ಬರಾಗಿ ಅವರು ಅದರ ಮೇಲೆ ಕೂತರು. ಡೋಲು, ತುತ್ತೂರಿ, ದೊಡ್ಡ ದೊಡ್ಡ ಕೊಂಬುಗಳನ್ನೂ ಅಲ್ಲೇ ಇಟ್ಟುಕೊಂಡರು. ಬಟ್ಟೆ ಇದ್ದದ್ದೇ ಕಾಣದಾಯಿತು. ಅದು ಯಾತಕ್ಕೆ ಹಾಸಿದ್ದೆಂದು ಬ್ಯಾಂಡಿನವರಿಗೆ ಯಾರೂ ಹೇಳಿರಲಿಲ್ಲ. ಅದು, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವವರು ಎಲ್ಲಿ ಇಳಿಯಬೇಕೆಂಬುದಕ್ಕೆ ಹಾಸಿದ್ದ ಗುರುತು. ಬಿಳಿ ಬಟ್ಟೆ, ನಡುವೆ ಕೆಂಪು ಚಕ್ರ.

ಭಾಷಣ ಮುಗಿಯುವುದಕ್ಕೂ ದೂರದಲ್ಲಿ ವಿಮಾನದ ಗುಂಯ್‌ ಸದ್ದು ಕೇಳುವುದಕ್ಕೂ ಸರಿಹೋಯಿತು. ನಿರೂಪಕರು, "ಈಗ ನೀವೆಲ್ಲ ಕಾತರದಿಂದ ಕಾಯುತ್ತಿರುವ," ಎಂದರು. ಅಷ್ಟರಲ್ಲಿ ಮೈಕು ಸತ್ತಿತು. ವೇದಿಕೆಯ ಮೇಲೆ ಒಬ್ಬ ಅಧಿಕಾರಿ ಬ್ಯಾಂಡಿನವರತ್ತ ಎರಡೂ ಕೈ ಬೀಸಿ, "ಏಳ್ರೋ! ಏಳ್ರೋ ಅಲ್ಲಿಂದ!" ಎಂದು ಕಿರುಚಿದರು. ಅಷ್ಟು ದೂರಕ್ಕೆ ಅದು ಕೇಳಿಸೀತೆ? ಬ್ಯಾಂಡಿನವರು ತಮಗೆ ಶುಭಾಶಯ ಹೇಳುತ್ತಿದ್ದಾರೆ ಎಂದುಕೊಂಡು ಅವರೂ ಕೈ ಬೀಸಿದರು.

ಮೈದುನ ಮೈಕನ್ನು ಕಿತ್ತುಕೊಂಡು ಓಡೋಡಿ ಹಾಸಿಗೆಯ ಹತ್ತಿರ ಬಂದ.

"ಅಕ್ಕಾ, ತಲೆಪಿನ್ನು ಕೊಡೇ! ಬೇಗ! ಬ್ಯಾಟರಿಯ ಸ್ಪ್ರಿಂಗು ಸಡಿಲ ಆಗಿದೆ."

"ಉಸಿರಾಡಿದ್ರೂ ಕೇಳಿಸುತ್ತೆ ಅಂದಿದ್ದಲ್ಲೋ?" ಎಂದಳು ಅಕ್ಕ, ತಲೆಯಿಂದ ಪಿನ್ನು ಕಿತ್ತು ಕೊಡುತ್ತ.

ಅವನು ಹಾಸಿಗೆಯ ಮೇಲೆ ಮಂಡಿಯೂರಿ, ಹಲ್ಲುಕಚ್ಚಿ, ಪಿನ್ನನ್ನು ಮೈಕಿನ ಹೊಟ್ಟೆಯೊಳಗೆ ತುರುಕತೊಡಗಿದ. ಆಗಲೇ ಮೈದಾನದ ಜನವೆಲ್ಲ 'ಓ' ಎಂದು ಮುಖ ಮೇಲೆತ್ತಿದ್ದು. ಆಕಾಶದಲ್ಲಿ ಬಣ್ಣಬಣ್ಣದ ಕೊಡೆಗಳು ಅರಳಿದ್ದವು. ಎಲ್ಲಕ್ಕಿಂತ ಮುಂದಿದ್ದದ್ದು ಕಿತ್ತಳೆ ಬಣ್ಣದ್ದು. ಅದು ಮೈದಾನದ ನಡುವಿನ ಕಡೆಗೆ ಬರುತ್ತಿತ್ತು, ತಡವರಿಸಿತು, ಒಂದು ಸುತ್ತು ತಿರುಗಿತು. ಏನನ್ನೋ ಹುಡುಕುವಂತಿತ್ತು. ಆಮೇಲೆ ಹುಡುಕಿದ್ದು ಸಿಕ್ಕಿತೆಂಬಂತೆ ನೆಟ್ಟಗೆ ಇವರತ್ತ ಬರತೊಡಗಿತು.

"ಎಷ್ಟು ಚೆನ್ನಾಗಿ ಕಾಣುತ್ತೆ!" ಎಂದರು ಅತ್ತೆ, ಕನ್ನಡಕ ಸರಿಮಾಡಿಕೊಂಡು.

ಅದು ಇನ್ನೂ ಚೆನ್ನಾಗಿ ಕಾಣತೊಡಗಿತು. ಬೂಟುಗಳು ಕಂಡವು. ಹೆಲ್ಮೆಟ್ಟು ಕಂಡಿತು. ಹತ್ತಿಯಪ್ಪ ಆ ಬೂಟುಗಳನ್ನು ನೋಡಿದ, ತನ್ನ ಹಾಸಿಗೆಯ ಕೆಂಪು ಚಕ್ರವನ್ನು ನೋಡಿದ, ಚಕ್ರದ ನಡುವೆ ಒರಗಿದ್ದ ಅತ್ತೆಯನ್ನು ನೋಡಿದ. ಜೀವ ಬಾಯಿಗೆ ಬಂತು. ಮಾತು ಬರಲಿಲ್ಲ.

"ಸರೀರಿ! ಸರೀರಿ ಅಲ್ಲಿಂದ!" ಎಂಬ ಕೂಗು ಮೇಲಿನಿಂದ ಬಂತು.

ಅತ್ತೆ ಕೊಡೆ ಎತ್ತಿ ಆಕಾಶಕ್ಕೆ ತೋರಿಸಿದರು. "ನಾವು ಮೊದಲು ಬಂದಿದ್ದೀವಿ! ಬೇರೆ ಕಡೆ ಜಾಗ ನೋಡ್ಕೊಳ್ಳಿ!"

"ತಿರುಗೋಕಾಗಲ್ಲ ಅಮ್ಮಾ!"

"ಹಾಗಾದ್ರೆ ಯಾಕೆ ಬಂದ್ರಿ?"

ಇದಕ್ಕೆ ಉತ್ತರ ಬರುವ ಮೊದಲೇ ಹತ್ತಿಯಪ್ಪ ಹುಟ್ಟಿದಾರಭ್ಯ ಮಾಡದಿದ್ದ ಧೈರ್ಯ ಮಾಡಿದ. ಅತ್ತೆಯ ಕಂಕುಳಿಗೆ ಎರಡೂ ಕೈ ಕೊಟ್ಟು, ಹತ್ತಿಯ ಮೂಟೆ ಎಳೆದಂತೆ ಎಳೆದು ಹಾಸಿಗೆಯ ಮೂಲೆಗೆ ಉರುಳಿಸಿದ. ಹೆಂಡತಿ ಬುಟ್ಟಿ ಅಪ್ಪಿಕೊಂಡು ಒಂದು ಕಡೆಗೆ ಬಿದ್ದಳು. ಮೈದುನ ಮೈಕು ಅಪ್ಪಿಕೊಂಡು ಇನ್ನೊಂದು ಕಡೆಗೆ ಬಿದ್ದ. ಕೆಂಪು ಚಕ್ರದ ಸರಿಯಾಗಿ ಮಧ್ಯಕ್ಕೆ ಧೊಪ್ಪೆಂದು ಎರಡು ಬೂಟು ಬಂದವು. ಹಾಸಿಗೆ ಅವುಗಳನ್ನು ಒಳಕ್ಕೆ ತೆಗೆದುಕೊಂಡು, ಸ್ವಲ್ಪ ಯೋಚಿಸಿ, ಮೆಲ್ಲಗೆ ಮೇಲಕ್ಕೆ ಕೊಟ್ಟಿತು. ಇಳಿದವರು ಒಂದು ಸಲ ಪುಟಿದು ಕೂತರು. ಹಿಂದೆಯೇ ಕಿತ್ತಳೆ ಬಣ್ಣದ ಅಷ್ಟಗಲದ ರೇಷ್ಮೆಯಂಥ ಬಟ್ಟೆ ನಿಧಾನವಾಗಿ ಇಳಿದುಬಂದು ಎಲ್ಲರನ್ನೂ ಮುಚ್ಚಿತು. ನಾಯಕರು ಎಲ್ಲಿ ಇಳಿದರೋ ಅಲ್ಲೇ ಇಳಿಯಬೇಕೆಂಬ ಶಿಸ್ತಿನ ಇನ್ನೊಬ್ಬ ಪಕ್ಕದಲ್ಲೇ ಧುಮುಕಿದ. ಅವನ ನೀಲಿ ಪ್ಯಾರಾಚೂಟು ಇದರ ಮೇಲೆ ಅರ್ಧ ಹೊದಿಕೆಯಾಯಿತು. ಉಳಿದವರು ಮೈದಾನದಲ್ಲಿ ಸಿಕ್ಕ ಖಾಲಿ ಜಾಗಕ್ಕೆ ಇಳಿದರು.

ಇಷ್ಟಾಗುವಾಗ ಎಲ್ಲಿಯೋ ಕ್ಲಿಕ್ಕೆಂದು ಸದ್ದಾಯಿತು. ಪಿನ್ನು ಸರಿಯಾದ ಜಾಗಕ್ಕೆ ಹೋಗಿ ಕೂತಿತ್ತು. ಮೈಕಿಗೆ ಜೀವ ಬಂದಿತ್ತು. ರೇಷ್ಮೆಯ ಒಳಗೆ ಕೈಕಾಲು ಸಿಕ್ಕಿಸಿಕೊಂಡು ಒದ್ದಾಡುತ್ತಿದ್ದ ಅವರಲ್ಲಿ ಯಾರಿಗೂ ಅದು ಗೊತ್ತಾಗಲಿಲ್ಲ. ಬಟ್ಟೆಯ ಸರಸರದಲ್ಲಿ, ಗಾಬರಿಯಲ್ಲಿ, ಹೊರಗಿನ ಸದ್ದು ಒಳಗೆ ಬರುವಂತಿರಲಿಲ್ಲ. ಹೊರಗೆ ಮಾತ್ರ ಉಸಿರು ಬಿಗಿಹಿಡಿದು ನಿಂತಿದ್ದ ಇಡೀ ಮೈದಾನಕ್ಕೆ ಮೂಲೆ ಮೂಲೆಯ ಸ್ಪೀಕರಿನಿಂದ ಅತ್ತೆಯ ಧ್ವನಿ ಮೊಳಗಿತು.

"ಯಾರದು ನನ್ನ ಕಾಲಿನ ಮೇಲೆ ಕೂತಿರೋದು?"

"ನಾನಮ್ಮ," ಎಂದ ಮೈದುನ.

"ಏಳೋ ಮೂದೇವಿ! ಆ ಆಕಾಶದಿಂದ ಬಿದ್ದವನು ಎಲ್ಲಿ? ಬದುಕಿದ್ದಾನಾ? ಬದುಕಿದ್ರೆ ಎರಡು ಮಾತು ಕೇಳ್ಬೇಕು."

"ಇಲ್ಲಿದ್ದೀನಿ, ಕ್ಷಮಿಸಿ," ಎಂಬ ಧ್ವನಿ ಬಂತು. ಹೆಲ್ಮೆಟ್ಟು ಕಳಚಿತು. ಕಿತ್ತಳೆ ಬೆಳಕಿನಲ್ಲಿ ಬೆವೆತ ಕೆನ್ನೆ, ಹಣೆಗೆ ಅಂಟಿದ ಗಿಡ್ಡ ಕೂದಲು ಕಂಡವು.

"ಅಯ್ಯೋ ನನ್ನಪ್ಪಾ, ಹೆಣ್ಣುಮಗು!" ಅತ್ತೆಯ ದನಿ ಒಮ್ಮೆಗೇ ಬೆಣ್ಣೆಯಾಯಿತು. "ಪೆಟ್ಟಾಯ್ತಾ ಕಂದ? ಮುಖ ನೋಡು, ಎಷ್ಟು ಬಾಡಿದೆ. ಏನಾದ್ರೂ ತಿಂದಿದ್ಯಾ ಬೆಳಿಗ್ಗೆಯಿಂದ?"

"ಜಿಗಿಯೋಕೆ ಮುಂಚೆ ಹೆಚ್ಚು ತಿನ್ನಬಾರದು ಅಮ್ಮ. ಜಿಗಿಯೋದೂ ತಡವಾಯ್ತು. ಭಾಷಣ ಮುಗಿಯೋವರೆಗೂ ಮೇಲೇ ಸುತ್ತುತಾ ಇದ್ವಿ."

"ಯಾವನವನು ಹಸಿದ ಹೊಟ್ಟೇಲಿ ಮಕ್ಕಳನ್ನ ಆಕಾಶದಿಂದ ತಳ್ಳೋನು? ಮತ್ತೆ ಆ ಭಾಷಣ! ನದಿ ಆಯ್ತು, ಬೆಟ್ಟ ಆಯ್ತು, ರಸ್ತೆ ಆಯ್ತು, ಇನ್ನು ಚರಂಡಿ ಒಂದು ಬಾಕಿ ಇತ್ತು. ಇಲ್ಲಿ ಜನ ಒದ್ದೆ ಹುಲ್ಲಿನ ಮೇಲೆ ಕೂತು ಹೆಪ್ಪುಗಟ್ಟಿಹೋಗಿದ್ದಾರೆ. ತಗೋ, ಮೊಟ್ಟೆ ತಿನ್ನು. ಉಪ್ಪು ಎಲ್ಲೇ?"

"ಉಪ್ಪು ಅಳಿಯಂದಿರ ಜೇಬಲ್ಲಿದೆ," ಎಂದಳು ಹೆಂಡತಿ ಎಲ್ಲಿಂದಲೋ.

ಅಳಿಯಂದಿರು ಈ ಗದ್ದಲದಲ್ಲಿ ಏನು ಮಾಡುತ್ತಿದ್ದರೆಂದರೆ, ಮೂಗಿನ ಮೇಲೆ ಬಿದ್ದಿದ್ದ ಪ್ಯಾರಾಚೂಟಿನ ಬಟ್ಟೆಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಉಜ್ಜಿ ನೋಡುತ್ತಿದ್ದರು. ಹತ್ತಿಯಪ್ಪ ಇಂಥ ಬಟ್ಟೆಯನ್ನು ಜನ್ಮದಲ್ಲಿ ಮುಟ್ಟಿರಲಿಲ್ಲ. ತೂಕವೇ ಇಲ್ಲ, ಎಳೆ ಜಗ್ಗಿದರೂ ಜಾರುವುದಿಲ್ಲ, ಹೊಲಿಗೆಯೋ ಎರಡು ಸಲ ಮಡಚಿ ಹಾಕಿದ್ದು. 'ಹೂಂ' ಎಂದ. ಆ ಹೂಂಕಾರ ಮೈದಾನದ ಆಚೆ ಮರದ ಕೆಳಗಿದ್ದವರಿಗೂ ಕೇಳಿಸಿತು. ಹಾಗೇ ಬಟ್ಟೆಯ ಅಂಚು ಹಿಡಿದುಕೊಂಡು ತೆವಳುತ್ತ, ಉಪ್ಪಿನ ಪೊಟ್ಟಣ ಹಿಡಿದು, ಹೆಂಡತಿಯ ಧ್ವನಿ ಬಂದ ಕಡೆಗೆ ಹೋದ.

ಆಕೆ ಬುಟ್ಟಿಯ ಪಕ್ಕ ಕೂತು ಎರಡೂ ಕೈಯಿಂದ ರೇಷ್ಮೆಯನ್ನು ತಲೆಯ ಮೇಲೆ ಎತ್ತಿಹಿಡಿದಿದ್ದಳು. ಬಿಸಿಲು ಬಟ್ಟೆಯಿಂದ ಸೋಸಿ ಬಂದು ಆಕೆಯ ಮುಖದ ಮೇಲೆ, ಪಿನ್ನು ಕಿತ್ತದ್ದರಿಂದ ಬಿಚ್ಚಿಕೊಂಡ ಕೂದಲಿನ ಮೇಲೆ, ಸುರಿಯುತ್ತಿತ್ತು. ಎಲ್ಲವೂ ಕಿತ್ತಳೆ. ಅಡುಗೆಮನೆಯ ಹೊಗೆಯಲ್ಲಿ, ಬೀದಿಯ ಧೂಳಿನಲ್ಲಿ, ಸಂಜೆ ಬಾಗಿಲಿನಲ್ಲಿ ಟವೆಲು ಹಿಡಿದು ನಿಂತಾಗ ದಿನಾ ನೋಡಿದ ಮುಖವೇ ಅದು. ಹತ್ತಿಯಪ್ಪ ಉಪ್ಪಿನ ಪೊಟ್ಟಣ ಕೊಡುವುದನ್ನು ಮರೆತ. ಹೆಬ್ಬೆರಳು ಇಂಥ ಹೊತ್ತಿಗೆ ಉಪಯೋಗಕ್ಕೆ ಬರುವುದಿಲ್ಲವೆಂದು ಅವನಿಗೇ ಹೇಗೋ ಹೊಳೆಯಿತು.

"ಈ ಬಣ್ಣದಲ್ಲಿ ನೀನು," ಎಂದ. ನಿಲ್ಲಿಸಿದ. "ಈ ಬಣ್ಣದಲ್ಲಿ ನೀನು ತುಂಬಾ ಚೆನ್ನಾಗಿ ಕಾಣ್ತೀಯ. ಬೇರೆ ಬಣ್ಣದಲ್ಲೂ ಚೆನ್ನಾಗೇ ಕಾಣ್ತೀಯ. ಹೇಳೋಕೆ ಆಗಿರಲಿಲ್ಲ."

ಹೆಂಡತಿ ರೇಷ್ಮೆಯನ್ನು ಇನ್ನೂ ಸ್ವಲ್ಪ ಮೇಲಕ್ಕೆತ್ತಿ ಅವನ ಮುಖ ನೋಡಿದಳು. ಮೊಟ್ಟೆ ತಿನ್ನುತ್ತಿದ್ದ ಜಿಗಿತದ ಹುಡುಗಿ ಅಗಿಯುವುದನ್ನು ನಿಲ್ಲಿಸಿದಳು. ಅತ್ತೆ ಮಾತ್ರ, "ಅವನು ಮಾತಾಡಿದ್ನಾ? ನಮ್ಮವನಾ?" ಎಂದು ಯಾರನ್ನೋ ಕೇಳಿದರು.

ಆ ಕ್ಷಣದಲ್ಲಿ ಹೊರಗೆ ಗುಡುಗಿನಂತೆ ಏನೋ ಸದ್ದಾಯಿತು. ಸಿಬ್ಬಂದಿಯವರು ಬಂದು ರೇಷ್ಮೆಯನ್ನು ಎಳೆದು ತೆಗೆದರು. ಬೆಳಕಿಗೆ ಕಣ್ಣು ಕಿರಿದುಮಾಡಿ ನೋಡಿದರೆ ಇಡೀ ಮೈದಾನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದೆ! ಶಿಳ್ಳೆ ಹಾಕುವವರು, ಹೊಟ್ಟೆ ಹಿಡಿದು ನಗುವವರು, ಕಣ್ಣೊರೆಸಿಕೊಳ್ಳುವ ಮುದುಕಿಯರು. ಪ್ಯಾರಾಚೂಟಿನ ಹುಡುಗಿಗಾಗಿ ಎಂದುಕೊಂಡು ಹತ್ತಿಯಪ್ಪನೂ ಆಕೆಯತ್ತ ತಿರುಗಿ ಚಪ್ಪಾಳೆ ತಟ್ಟಿದ. ಅಷ್ಟರಲ್ಲಿ ಹಳದಿ ಟೋಪಿಯೊಂದು ಹಗ್ಗದ ಬೇಲಿ ನುಸುಳಿ ಓಡಿಬಂತು. ಮಗಳ ಮುಖ ಟೊಮೆಟೊ ಆಗಿತ್ತು.

"ಅಪ್ಪಾ! ಎಲ್ಲಾ ಮೈಕಲ್ಲಿ ಬಂತು! ಎಲ್ಲಾ! ನನ್ನ ಟೀಚರ್ ಕೂಡ ಕೇಳಿಸ್ಕೊಂಡ್ರು!"

ಮೈದುನ ಕೈಯಲ್ಲಿದ್ದ ಮೈಕನ್ನು ಹಾವು ಕಂಡವನಂತೆ ನೋಡಿದ. "ನೋಡಿದ್ರಾ ಭಾವ, ಉಸಿರಾಡಿದ್ರೂ," ಎಂದು ಶುರುಮಾಡಿದ. ಅಕ್ಕ ಅವನ ಕೈಯಿಂದ ಮೈಕು ಕಿತ್ತು, ಒಳಗಿದ್ದ ತನ್ನ ಪಿನ್ನು ಎಳೆದುಕೊಂಡು ತಲೆಗೆ ಸಿಕ್ಕಿಸಿಕೊಂಡಳು. ಮೈದಾನದ ಸ್ಪೀಕರುಗಳು ಒಮ್ಮೆಗೇ ಮೂಕವಾದವು.

ವೇದಿಕೆಯಿಂದ ಮೇಲಧಿಕಾರಿ ದಾಪುಗಾಲು ಹಾಕುತ್ತ ಬಂದರು. ಪೊದೆಮೀಸೆ, ಎದೆಯ ತುಂಬ ಪದಕ.

"ಯಾರು ಇದನ್ನ ಇಲ್ಲಿ ಹಾಸಿದ್ದು? ಗೇಟಿನಲ್ಲಿ ಯಾರೂ ತಪಾಸಣೆ ಮಾಡಲಿಲ್ವಾ?"

"ಮಾಡಿದ್ರು ಸ್ವಾಮಿ, ಬಹಳ ಹೊತ್ತು ಮಾಡಿದ್ರು," ಎಂದರು ಅತ್ತೆ. "ಇಬ್ಬರು."

ಜಿಗಿತದ ಹುಡುಗಿ ಎದ್ದು ಸೆಲ್ಯೂಟ್ ಹೊಡೆದಳು. ಬಾಯಲ್ಲಿ ಮೊಟ್ಟೆ ಇದ್ದದ್ದರಿಂದ ನುಂಗುವವರೆಗೆ ಅಧಿಕಾರಿ ಕಾಯಬೇಕಾಯಿತು. "ಸರ್, ಗುರುತಿನ ಮೇಲೆ ಬ್ಯಾಂಡು ಕೂತಿತ್ತು ಸರ್. ಮೇಲಿಂದ ಇದೇ ಗುರುತು ಅನ್ನಿಸ್ತು. ಒಂದು ಮಾತು ಹೇಳಲಾ ಸರ್? ಇಷ್ಟು ಮೆತ್ತಗೆ ನಾನು ಯಾವತ್ತೂ ಇಳಿದಿಲ್ಲ."

ಅಧಿಕಾರಿ ಮೀಸೆ ಕಚ್ಚಿಕೊಂಡು ಹಾಸಿಗೆಯನ್ನು ದುರುಗುಟ್ಟಿ ನೋಡಿದರು. ಬಗ್ಗಿ, ಯಾರೂ ನೋಡುತ್ತಿಲ್ಲವೆಂದು ತಿಳಿದು, ಹೆಬ್ಬೆರಳಿನಿಂದ ಒಮ್ಮೆ ಒತ್ತಿದರು. ಎಲ್ಲರೂ ನೋಡುತ್ತಿದ್ದರು. ಹತ್ತಿಯಪ್ಪನಿಗೆ ಆ ಮನುಷ್ಯನ ಮೇಲೆ ಒಮ್ಮೆಗೇ ವಿಶ್ವಾಸ ಹುಟ್ಟಿತು.

"ತೆಗೀರಿ ಇದನ್ನ," ಎಂದರು ಅಧಿಕಾರಿ, ಮೊದಲಿನ ಗಡಸು ಇರಲಿಲ್ಲ. "ಅಂದರೆ, ಕಾರ್ಯಕ್ರಮ ಮುಗಿದ ಮೇಲೆ ತೆಗೀರಿ. ಸದ್ಯಕ್ಕೆ ಆ ಕೆಂಪು ಕಾಣದ ಹಾಗೆ ಏನಾದ್ರೂ ಮುಚ್ಚಿ."

ಅತ್ತೆ ಕೂಡಲೇ ಅದರ ಮೇಲೆ ಮಲಗಿ ಮುಚ್ಚಿದರು.

ಕೊನೆಗೆ ಮುಖ್ಯ ಅತಿಥಿಗಳು ಮುಕ್ತಾಯದ ಭಾಷಣಕ್ಕೆ ಎದ್ದಾಗ, ಯಾರದೋ ತಲೆಪಿನ್ನು ಬೇಡಿ ತಂದು ಮೈಕು ಸರಿಮಾಡಲಾಗಿತ್ತು. ಅವರು ಕೈಯಲ್ಲಿದ್ದ ಹಾಳೆಗಳ ಕಟ್ಟನ್ನು ನೋಡಿದರು. ಬೇಲಿಯ ಅಂಚಿನ ಬಿಳಿ ಹಾಸಿಗೆಯತ್ತ ನೋಡಿದರು. ಹಾಳೆಗಳನ್ನು ಮಡಚಿ ಜೇಬಿಗಿಟ್ಟರು.

"ಚರಂಡಿಗಳ ಬಗ್ಗೆ ಮುಂದಿನ ವರ್ಷ ಮಾತಾಡುತ್ತೇನೆ," ಎಂದರು. "ಎಲ್ಲರೂ ಮನೆಗೆ ಹೋಗಿ ಊಟ ಮಾಡಿ. ನಮಸ್ಕಾರ."

ಆ ದಿನದ ಅತಿ ದೊಡ್ಡ ಚಪ್ಪಾಳೆ ಬಿದ್ದದ್ದು ಅದಕ್ಕೆ.

ವಾಪಸು ಹೋಗುವಾಗ ಬಿಸಿಲು ಏರಿತ್ತು. ಹಾಸಿಗೆಯ ಮೇಲೆ ಅತ್ತೆ, ಪಕ್ಕದಲ್ಲಿ ಟೋಪಿಯನ್ನು ಮುಖಕ್ಕೆ ಮುಚ್ಚಿಕೊಂಡ ಮಗಳು. ದಾರಿಯಲ್ಲಿ ಶಾಲೆಯವರು ಯಾರೂ ಗುರುತು ಹಿಡಿಯಬಾರದೆಂದು. ಗುರುತು ಹಿಡಿಯದವರೇ ಇರಲಿಲ್ಲ. ಸೈಕಲಿನಲ್ಲಿ ಹೋಗುತ್ತಿದ್ದವನೊಬ್ಬ ತಿರುಗಿ, "ಬೇರೆ ಬಣ್ಣದಲ್ಲೂ ಚೆನ್ನಾಗೇ ಕಾಣ್ತೀರಿ!" ಎಂದು ಕೂಗಿ ಹೋದ. ಹತ್ತಿಯಪ್ಪ ತಲೆ ತಗ್ಗಿಸಿ ಪೆಡಲ್ ತುಳಿದ. ಅವನ ಕಿವಿಗಳು ಸುಡುತ್ತಿದ್ದವು. ಹೆಂಡತಿ ಮೈದಾನದಿಂದ ಹೊರಟಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಅವನ ಬೆನ್ನ ಹಿಂದೆಯೇ, ಗಾಡಿಯ ಅಂಚಿನಲ್ಲಿ, ಖಾಲಿ ಬುಟ್ಟಿ ಹಿಡಿದು ಕೂತಿದ್ದಳು. ಸಿಟ್ಟು ಬಂದಿದೆಯೋ ಏನೋ ಎಂದು ತಿರುಗಿ ನೋಡುವ ಧೈರ್ಯ ಅವನಿಗಾಗಲಿಲ್ಲ.

ಗದ್ದಲದ ರಸ್ತೆ ಮುಗಿದು ಮನೆಯ ಕಡೆಯ ಓಣಿಗೆ ಗಾಡಿ ತಿರುಗಿದಾಗ ಹೆಂಡತಿ ಮುಂದಕ್ಕೆ ಬಗ್ಗಿದಳು.

"ಆಗ ಏನೋ ಹೇಳಿದ್ರಲ್ಲ, ಆ ಬಟ್ಟೆ ಒಳಗೆ. ಸರಿಯಾಗಿ ಕೇಳಿಸಲಿಲ್ಲ."

ಊರಿಗೆ ಊರೇ ಕೇಳಿದ ಮಾತು. ಹತ್ತಿಯಪ್ಪ ಪೆಡಲ್ ನಿಲ್ಲಿಸಿದ. ಗಾಡಿ ತಾನಾಗಿಯೇ ಸ್ವಲ್ಪ ದೂರ ಉರುಳಿತು. ಕತ್ತು ತಿರುಗಿಸಿ ನೋಡಿದರೆ ಆಕೆಯ ಮುಖದಲ್ಲಿ ನಗುವಿನ ಸುಳಿವೂ ಇಲ್ಲ. ಕಣ್ಣು ಮಾತ್ರ ಬಾಗಿಲ ಮರೆಯ ಹುಡುಗಿಯದಾಗಿತ್ತು.

"ಮನೆಗೆ ಹೋಗಿ ಹೇಳ್ತೀನಿ," ಎಂದ ಮೆಲ್ಲಗೆ.

"ಸ್ವಲ್ಪ ಜೋರಾಗೇ ಹೇಳಪ್ಪಾ," ಎಂದರು ಅತ್ತೆ ಮೇಲಿನಿಂದ. "ಮನೇಲಿ ಮೈಕಿಲ್ಲ."